ಹಿಮ ಕಾಯ್ದ ಹಂಸ, ಬದುವಿಗೆ ಬಿದ್ದ ಉಣ್ಣೆ

ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟಾಜ್ ವಸ್ತುಸಂಗ್ರಹಾಲಯದಲ್ಲಿ ಉಣ್ಣೆಯ ಹಂಸಗಳಿವೆ. ಎತ್ತರ ಸುಮಾರು ಒಂದಡಿ. ಮೈಯೆಲ್ಲ ಬಿಳಿ ಫೆಲ್ಟು, ಅಂದರೆ ನೇಯದೆ ಒತ್ತಿ ಗಟ್ಟಿಮಾಡಿದ ಉಣ್ಣೆಬಟ್ಟೆ. ಕೊಕ್ಕು ಕಪ್ಪು ಫೆಲ್ಟು. ಹೊಟ್ಟೆಯೊಳಗೆ ಒತ್ತಿ ತುಂಬಿದ್ದಾರೆ, ಕಾಲಿನೊಳಗೆ ಮರದ ಕಡ್ಡಿ ಸೇರಿಸಿದ್ದಾರೆ, ನೆಟ್ಟಗೆ ನಿಲ್ಲಲಿ ಅಂತ. ಮೊನ್ನೆ ಯಾರೋ ಕರಕುಶಲ ಮೇಳದಲ್ಲಿ ಮಾರಾಟಕ್ಕಿಟ್ಟಿದ್ದು ಅಂದರೂ ನಂಬಬಹುದು. ಆದರೆ ಅವನ್ನು ಮಾಡಿದ ಕೈಗಳು ಕ್ರಿಸ್ತಪೂರ್ವ ಕಾಲದವು. ಎರಡು ಸಾವಿರದ ಮುನ್ನೂರು ವರ್ಷಗಳ ಆಸುಪಾಸು, ಸೈಬೀರಿಯಾದ ದಕ್ಷಿಣಕ್ಕಿರುವ ಅಲ್ಟಾಯ್ ಬೆಟ್ಟಗಳಲ್ಲಿ ಕುದುರೆ, ಕುರಿ ಕಟ್ಟಿಕೊಂಡು ಓಡಾಡುತ್ತಿದ್ದ ಜನ ಸತ್ತವರ ಜೊತೆಗೆ ಹೂಳಿದ್ದ ಹಕ್ಕಿಗಳವು.

ಉಣ್ಣೆಯಲ್ಲಿ ಏನೇನೋ ಮಾಡಿ ಕೂತುಕೊಳ್ಳುವ ಹುಚ್ಚು ನನಗೆ ಅಂಟಿ ಕೆಲವು ಕಾಲವಾಯಿತು. ಆಗಿನಿಂದ ಈ ಹಂಸಗಳ ಚಿತ್ರ ನನ್ನ ಫೋನಿನಲ್ಲಿದೆ. ಕಲೆ ಅಂತ ನೋಡಿದರೂ ಅವು ದೊಡ್ಡವೇ. ನನಗೆ ಅದಕ್ಕಿಂತ ವಿಚಿತ್ರವಾಗಿ ಕಂಡದ್ದು ಅವು ಉಳಿದ ಬಗೆ.

ಉಣ್ಣೆ ಉಳಿಯುವ ವಸ್ತುವಲ್ಲ. ನಮ್ಮೂರಿನ ಹವೆಯಲ್ಲಂತೂ ಟ್ರಂಕಿನಲ್ಲಿ ಬೇವಿನೆಲೆ ಹಾಕಿಟ್ಟ ಕಂಬಳಿಗೂ ನುಸಿ ಬೀಳುತ್ತದೆ. ಮಣ್ಣಿಗೆ ಬಿದ್ದರೆ ಸ್ವಲ್ಪ ಕಾಲದಲ್ಲಿ ಗೊಬ್ಬರ. ಅಲ್ಟಾಯ್‌ನ ಪಾಜಿರಿಕ್ ಕಣಿವೆಯಲ್ಲಿ ಆದದ್ದೇ ಬೇರೆ. ಅಲ್ಲಿನ ಗೋರಿಗಳೆಂದರೆ ಆಳದ ಗುಂಡಿ, ಅದರೊಳಗೆ ಮರದ ದಿಮ್ಮಿಗಳ ಕೋಣೆ, ಮೇಲೆ ಕಲ್ಲಿನ ದೊಡ್ಡ ರಾಶಿ. ಹೂಳಿದ ಸ್ವಲ್ಪ ಕಾಲಕ್ಕೇ ಕಳ್ಳರು ಬಂದು, ಕಲ್ಲು ಸರಿಸಿ, ದಿಮ್ಮಿ ಕೊರೆದು, ಚಿನ್ನವನ್ನೆಲ್ಲ ಹೊತ್ತೊಯ್ದರು. ಉಣ್ಣೆ ಯಾರಿಗೆ ಬೇಕು, ಅದನ್ನು ಅಲ್ಲೇ ಬಿಟ್ಟರು. ಅವರು ಕೊರೆದ ಕಿಂಡಿಯಿಂದ ನೀರು ಇಳಿಯಿತು. ಒಳಗಿನ ಚಳಿಗೆ ಗಡ್ಡೆ ಕಟ್ಟಿತು. ಮೇಲಿನ ಕಲ್ಲುರಾಶಿ ಬೇಸಿಗೆಯ ಬಿಸಿ ಕೆಳಗಿಳಿಯದಂತೆ ತಡೆಯಿತು. ಹೀಗೆ ಕಳ್ಳತನವೇ ಕಾವಲಾಗಿ ಕುದುರೆಗಳ ಜೀನು, ಗೋಡೆಗೆ ತೂಗುಹಾಕುವ ಫೆಲ್ಟು, ಗಂಟುಹಾಕಿ ನೇಯ್ದ ಜಮಖಾನೆ, ಈ ಹಂಸಗಳು, ಎಲ್ಲ ಬಣ್ಣ ಸಮೇತ ಮಂಜಿನೊಳಗೆ ನಿಂತುಬಿಟ್ಟವು. 1929ರಲ್ಲಿ ಮೊದಲ ಗೋರಿ ತೆರೆದರು. ಯುದ್ಧ ಮುಗಿದ ಮೇಲೆ, 1947ರಿಂದ 1949ರವರೆಗೆ, ಪುರಾತತ್ತ್ವಜ್ಞ ಸೆರ್ಗೈ ರುಡೆಂಕೊ ಮತ್ತೆ ಅಗೆದರು. ಮಂಜನ್ನು ಬಿಸಿನೀರು ಸುರಿದು ಕರಗಿಸುತ್ತ ಒಂದೊಂದೇ ವಸ್ತು ಎತ್ತಿದರಂತೆ.

ಐದನೆಯ ಗೋರಿಯ ಗೋಡೆಯ ಫೆಲ್ಟು ಒಂದು ಸಣ್ಣ ಮನೆಯ ಹಾಲಿನಷ್ಟು ದೊಡ್ಡದು, ಸುಮಾರು ನಾಲ್ಕೂವರೆ ಮೀಟರಿಗೆ ಆರೂವರೆ ಮೀಟರು. ಕೈಯಲ್ಲಿ ಹೂಬಿಟ್ಟ ಕೊಂಬೆ ಹಿಡಿದು ಕುರ್ಚಿಯಲ್ಲಿ ಕೂತವರ ಮುಂದೆ ಕುದುರೆ ಸವಾರನೊಬ್ಬ ಬಂದು ನಿಂತಿದ್ದಾನೆ. ಅದೇ ಚಿತ್ರ ಸಾಲುಸಾಲಾಗಿ ಮರಳಿ ಬರುತ್ತದೆ. ಬೇರೆ ಬೇರೆ ಬಣ್ಣದ ಫೆಲ್ಟನ್ನು ಕತ್ತರಿಸಿ ಹೊಲಿದದ್ದು. ಜಿಂಕೆ, ಹುಲಿ, ಹಂಸ, ಹದ್ದು: ಆ ಜನರ ಕಣ್ಣಿಗೆ ಬಿದ್ದ ಪ್ರಾಣಿಗಳೆಲ್ಲ ಒಂದಲ್ಲ ಒಂದು ಉಣ್ಣೆತುಂಡಿನಲ್ಲಿ ಇವೆ.

1993ರಲ್ಲಿ ಅದೇ ಸೀಮೆಯ ಉಕೊಕ್ ಪ್ರಸ್ಥಭೂಮಿಯಲ್ಲಿ ನಟಾಲಿಯಾ ಪೊಲೊಸ್ಮಾಕ್ ತೆರೆದ ಗೋರಿಯಲ್ಲಿ ಬಿಳಿ ಫೆಲ್ಟಿನ ಕಾಲುಚೀಲ ತೊಟ್ಟ ಹೆಣ್ಣೊಬ್ಬಳಿದ್ದಳು. ಜೊತೆಗೆ ಹೂಳಿದ್ದ ಕುದುರೆಗಳ ಹೊಟ್ಟೆಯಲ್ಲಿ ಕೊನೆಯ ಮೇವು ಹಾಗೇ ಇತ್ತು. ಅದನ್ನು ಪರೀಕ್ಷಿಸಿ, ಹೂಳಿದ್ದು ಬೇಸಿಗೆಯ ಶುರುವಿನಲ್ಲಿ ಅಂತ ಗುರುತಿಸಿದರು. ಮೇಯ್ದ ಹುಲ್ಲೇ ಪಂಚಾಂಗ! ಈ ಮಾತಿಗೆ ಮತ್ತೆ ಬರುತ್ತೇನೆ.

ಈಗಿನ ಸಮಸ್ಯೆ ಏನೆಂದರೆ, ಆ ಸೀಮೆಯಲ್ಲಿ ಇನ್ನೂ ತೆರೆಯದ ಗೋರಿಗಳಿವೆ ಮತ್ತು ನೆಲ ಬಿಸಿಯಾಗುತ್ತಿದೆ. ಯುನೆಸ್ಕೊ 2005ರ ಹೊತ್ತಿಗೆ ಬೆಲ್ಜಿಯಮ್ಮಿನ ಘೆಂಟ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಅಲ್ಟಾಯ್‌ನ ಹಿಮಗೋರಿಗಳ ನಕ್ಷೆ ಮಾಡಿಸಲು ತೊಡಗಿತು. ಯಾವುದರ ಕೆಳಗೆ ಮಂಜು ಇನ್ನೂ ಇದೆ, ಯಾವುದು ಮೊದಲು ಕರಗೀತು ಅನ್ನುವ ಲೆಕ್ಕ. ಕರಗಿದರೆ ಒಳಗಿನ ಉಣ್ಣೆ, ಚರ್ಮ, ಹಚ್ಚೆ ಹಾಕಿದ ಮೈ ಎಲ್ಲ ಕೊಳೆಯುತ್ತದೆ. ಅಗೆದರೆ ಸ್ಥಳೀಯರಿಗೆ ನೋವು, ಪೂರ್ವಜರನ್ನು ಎಬ್ಬಿಸಬೇಡಿ ಅನ್ನುತ್ತಾರೆ. ಎರಡೂ ಕಡೆ ನ್ಯಾಯವಿದೆ. ಹವಾಮಾನ ಬದಲಾವಣೆ ಬಗ್ಗೆ ಬರೆಯುವವರು ಹಿಮಕರಡಿಯ ಚಿತ್ರ ಹಾಕುತ್ತಾರೆ. ನನಗೆ ಯಾಕೋ ಯಾರೂ ನೋಡಿರದ ಈ ಉಣ್ಣೆಯ ಪ್ರಾಣಿಗಳೇ ಹೆಚ್ಚು ಕಾಡುತ್ತವೆ.

ಫೆಲ್ಟು ಅಂದರೇನು ಅಂತ ಇಲ್ಲೇ ಹೇಳಿಬಿಡುತ್ತೇನೆ. ನೂಲುವುದಿಲ್ಲ, ನೇಯುವುದೂ ಇಲ್ಲ. ಹಿಂಜಿದ ಉಣ್ಣೆಯನ್ನು ತೆಳ್ಳಗೆ ಹರಡಬೇಕು. ಅದರ ಮೇಲೆ ಅಡ್ಡಡ್ಡ ಇನ್ನೊಂದು ಪದರ, ಮತ್ತೆ ಉದ್ದಕ್ಕೆ ಒಂದು. ಸಾಬೂನು ಕದಡಿದ ಬಿಸಿನೀರು ಚಿಮುಕಿಸಿ, ಮೇಲೊಂದು ಬಲೆಬಟ್ಟೆ ಹಾಸಿ, ಮೊದಲು ಅಂಗೈಯಿಂದ ಮೆತ್ತಗೆ ಒತ್ತಬೇಕು. ಎಳೆಗಳು ಒಂದಕ್ಕೊಂದು ಹಿಡಿದುಕೊಂಡ ಮೇಲೆ ಚಾಪೆಯಲ್ಲಿ ಸುತ್ತಿ ಉರುಳಿಸಬೇಕು. ಮಂಗೋಲಿಯಾದಲ್ಲಿ ಈ ಸುರುಳಿಯನ್ನು ಕುದುರೆಗೆ ಕಟ್ಟಿ ಹುಲ್ಲುಗಾವಲಿನಲ್ಲಿ ಎಳೆಸುತ್ತಾರೆ. ನನ್ನದು ಬಚ್ಚಲುಮನೆ, ಕುದುರೆ ನಾನೇ.

ಆಗುವುದು ಇಷ್ಟೆ. ಉಣ್ಣೆಯ ಪ್ರತಿ ಎಳೆಯ ಮೇಲೂ ಮೀನಿನ ಹುರುಪೆಯಂಥ ಪೊರೆಗಳಿವೆ, ಎಲ್ಲವೂ ಬುಡದಿಂದ ತುದಿಯ ಕಡೆಗೆ ಮಲಗಿರುತ್ತವೆ. ಒಂದು ದಿಕ್ಕಿಗೆ ಸವರಿದರೆ ನುಣುಪು, ಇನ್ನೊಂದು ದಿಕ್ಕಿಗೆ ತೊಡರು. ಅಲುಗಾಡಿಸಿದಾಗ ಎಳೆ ತನ್ನ ಬುಡದ ಕಡೆಗಷ್ಟೇ ಸರಿಯಬಲ್ಲದು, ಹಿಂದಕ್ಕೆ ಬರಲು ಪಕ್ಕದ ಎಳೆ ಬಿಡುವುದಿಲ್ಲ. ಸಾವಿರಾರು ಎಳೆಗಳು ಹೀಗೆ ಒಂದರೊಳಗೊಂದು ನುಗ್ಗಿ ಗಟ್ಟಿಯಾಗುತ್ತವೆ, ಬಟ್ಟೆ ಕುಗ್ಗುತ್ತದೆ. ಒಮ್ಮೆ ಆಯಿತೋ ಬಿಡಿಸಲು ಬಾರದು. ಮನೆಯ ಒಳ್ಳೆಯ ಸ್ವೆಟರನ್ನು ವಾಷಿಂಗ್ ಮಷೀನಿಗೆ ಹಾಕಿ ಮಗುವಿನ ಅಳತೆಗೆ ಇಳಿಸಿದವರಿಗೆ ಈ ವಿಜ್ಞಾನ ಬೇರೆ ಹೇಳಬೇಕಿಲ್ಲ. ಮೊನಚಿನ ಪಕ್ಕದಲ್ಲಿ ಕಚ್ಚುಗಳಿರುವ ಸೂಜಿಯಿಂದ ಒಣ ಉಣ್ಣೆಯನ್ನು ಚುಚ್ಚಿ ಚುಚ್ಚಿ ಗೊಂಬೆ ಮಾಡುವ ಇನ್ನೊಂದು ವಿಧಾನವಿದೆ. ಅದು ಕಾರ್ಖಾನೆಯ ಯಂತ್ರದಿಂದ ಕೈಗೆ ಬಂದದ್ದು, ಇತ್ತೀಚಿನದು.

ಈ ಕಲೆಯಲ್ಲಿ ಇವತ್ತು ನಿಸರ್ಗವೇ ನಿಸರ್ಗ. ಕರಗುವ ಹಿಮನದಿ, ಬಿಳಿಚಿದ ಹವಳದ ದಿಬ್ಬ, ಸುಟ್ಟ ಕಾಡು, ಪಾಚಿ, ಕಲ್ಲುಹೂವು, ಎಲ್ಲ ಉಣ್ಣೆಯಲ್ಲಿ ಬರುತ್ತಿವೆ. ಕೆಲವು ಎಷ್ಟು ಚೆಂದವೆಂದರೆ ಮುಟ್ಟದೆ ಇರಲಾಗದು. ಆದರೂ ಒಂದು ಕಿರಿಕಿರಿ ನನ್ನನ್ನು ಬಿಟ್ಟಿಲ್ಲ. ಆ ಹಿಮನದಿಯ ಉಣ್ಣೆ ಎಲ್ಲಿಂದ ಬಂತು? ಬಹುಪಾಲು ಆಸ್ಟ್ರೇಲಿಯಾದ ಮೆರಿನೊ ತಳಿಯ ಕುರಿಯದು. ಇಪ್ಪತ್ತು ಮೈಕ್ರಾನಿನ ಆಸುಪಾಸಿನ ನವಿರು ಎಳೆ, ಹಡಗಿನಲ್ಲಿ ಬಂದು, ಕಾರ್ಖಾನೆಯಲ್ಲಿ ತೊಳೆದು, ಬಾಚಿ, ಬಣ್ಣ ಹಾಕಿ, ನೂರು ಛಾಯೆಗಳಲ್ಲಿ ಪೊಟ್ಟಣವಾಗಿ ಸಿಗುತ್ತದೆ. ನಮ್ಮ ಸ್ಟೇಷನರಿ ಅಂಗಡಿಗಳಲ್ಲಿ ಫೆಲ್ಟ್ ಶೀಟ್ ಅಂತ ಕೊಡುವುದರಲ್ಲಿ ಸಾಮಾನ್ಯವಾಗಿ ಉಣ್ಣೆಯೇ ಇರುವುದಿಲ್ಲ, ಪಾಲಿಯೆಸ್ಟರ್. ಅದರಲ್ಲಿ ಆಮೆ ಕತ್ತರಿಸಿ 'ಸಮುದ್ರ ಉಳಿಸಿ' ಅಂತ ಶಾಲೆಯ ಗೋಡೆಗೆ ಅಂಟಿಸುತ್ತೇವೆ. ಇದನ್ನೆಲ್ಲ ಕೆದಕುವುದು ಕಂಬಳಿಯಲ್ಲಿ ಊಟ ಕಟ್ಟಿ ಕೂದಲು ಹುಡುಕಿದ ಹಾಗೆ ಅಂತ ಗೆಳತಿಯೊಬ್ಬಳು ಬೈದಳು. ಕಲೆಗೆ ಬಣ್ಣ ಬೇಕು, ಬಣ್ಣಕ್ಕೆ ಮೆರಿನೊ ಬೇಕು, ನೀನು ಸುಮ್ಮನಿರು ಅಂದಳು. ಅವಳು ಹೇಳಿದ್ದರಲ್ಲೂ ಹುರುಳಿದೆ. ಆದರೆ ಪಾಜಿರಿಕ್‌ನವರ ಹಂಸ ಅವರ ಕುರಿಯ ಉಣ್ಣೆಯದು. ಆ ಕುರಿ ಅವರ ಗುಡ್ಡದ ಹುಲ್ಲಿನದು.

ನೆದರ್‌ಲ್ಯಾಂಡ್ಸ್‌ನ ಕ್ಲೌಡಿ ಯೋಂಗ್‌ಸ್ಟ್ರಾ ಈ ಲೆಕ್ಕ ಸರಿಮಾಡಿದವರು. 1963ರಲ್ಲಿ ಹುಟ್ಟಿದ ಈಕೆ ಫ್ಯಾಷನ್ ಕಲಿತು, ತೊಂಬತ್ತರ ದಶಕದಲ್ಲಿ ಪ್ರದರ್ಶನವೊಂದರಲ್ಲಿ ಮಂಗೋಲಿಯಾದ ಫೆಲ್ಟಿನ ಗುಡಾರ ನೋಡಿ ದಾರಿ ಬದಲಿಸಿದರು. ಉತ್ತರದ ಫ್ರೀಸ್‌ಲ್ಯಾಂಡ್‌ಗೆ ಹೋಗಿ ನೆಲೆಸಿದರು. ಡ್ರೆಂಟೆ ಸೀಮೆಯ ಹಳೆಯ ತಳಿಯ ಕುರಿ ಸಾಕಿದರು. ಬಣ್ಣಕ್ಕೆ ಬೇಕಾದ ಗಿಡಗಳನ್ನೂ ತಾವೇ ಬೆಳೆದರು. ಅವರ ಗೋಡೆಯಗಲದ ಫೆಲ್ಟುಗಳು ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ, ಫಿಲಡೆಲ್ಫಿಯಾದ ಬಾರ್ನ್ಸ್ ಫೌಂಡೇಶನ್ನಿನಲ್ಲಿ ಇವೆ. ಅದರಲ್ಲಿ ಮರವಿಲ್ಲ, ಹಕ್ಕಿಯಿಲ್ಲ. ಉದ್ದುದ್ದ ಕೂದಲಿನ, ಜಡೆಗಟ್ಟಿದ, ಗಾಳಿಗೆ ಮಲಗಿದ ಹುಲ್ಲಿನಂಥ ಒಂದು ವಿಸ್ತಾರ, ಅಷ್ಟೆ. ಆ ದೇಶದಲ್ಲಿ ಹೀದರ್ ಎಂಬ ಕುರುಚಲು ಗಿಡದ ಬಯಲುಗಳು ಉಳಿದಿರುವುದೇ ಕುರಿ ಮೇಯುವುದರಿಂದ. ಕುರಿ ಹೋದರೆ ಒರಟು ಹುಲ್ಲು, ಬರ್ಚ್ ಸಸಿಗಳು ನುಗ್ಗುತ್ತವೆ. ಸುತ್ತಲಿನ ದನದ ಫಾರ್ಮುಗಳಿಂದ ಗಾಳಿಗೆ ಸೇರಿ ನೆಲಕ್ಕೆ ಇಳಿಯುವ ಸಾರಜನಕ ಬೇರೆ ಹೀದರನ್ನು ಕೊಲ್ಲುತ್ತಿದೆ. ಅಲ್ಲಿ ಉಣ್ಣೆಗೊಂದು ಬೆಲೆ ಬಂತೆಂದರೆ ಕುರಿಗೊಂದು ಕೆಲಸ ಸಿಕ್ಕಿತು, ಬಯಲಿಗೊಂದು ಉಳಿಗಾಲ. ನಿಸರ್ಗದಿಂದ ಸ್ಫೂರ್ತಿ ಪಡೆದೆ ಅಂತ ಫಲಕದಲ್ಲಿ ಬರೆಯುವುದಕ್ಕೂ ಇದಕ್ಕೂ ಬಹಳ ಅಂತರ.

ನಮ್ಮಲ್ಲಿ ಉಣ್ಣೆ ಇಲ್ಲವೇ ಅಂದರೆ, ಬೇಕಾದಷ್ಟಿದೆ. ಬೆಳಗಾವಿಯಿಂದ ಚಳ್ಳಕೆರೆಯವರೆಗೆ ದಖನಿ ಕುರಿಯ ನಾಡು. ಕರಿ, ಬೂದು, ಮಾಸಲು ಬಿಳಿ. ಒರಟು ಎಳೆ, ನಡುವೆ ಗಡಸು ಕೂದಲು. ಇದರಿಂದಲೇ ಕಂಬಳಿ. ಹಾಲುಮತದವರ ಮನೆಯ ಹೆಣ್ಣುಮಕ್ಕಳು ನೂತು, ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಕುಡಿಸಿ ಗಟ್ಟಿಮಾಡಿ, ಗಂಡಸರು ಮಗ್ಗದಲ್ಲಿ ನೇಯ್ದ ಕಂಬಳಿ ಮಳೆಗಾಲದಲ್ಲಿ ಕೊಪ್ಪೆ, ರಾತ್ರಿ ಹಾಸಿಗೆ, ದೇವರ ಮುಂದೆ ಗದ್ದಿಗೆ. ಈಗ ಮಳೆಗೆ ಪ್ಲಾಸ್ಟಿಕ್ ಹಾಳೆ, ಚಳಿಗೆ ಪಾಣಿಪತ್ತಿನ ಹೊದಿಕೆ. ಕಂಬಳಿ ಉಳಿದಿರುವುದು ಹೆಚ್ಚಾಗಿ ಸನ್ಮಾನಗಳಲ್ಲಿ. ವೇದಿಕೆಯ ಮೇಲೆ ರಾಜಕಾರಣಿಯ ಹೆಗಲಿಗೆ ಏರಿ, ಫೋಟೋ ಮುಗಿದ ಮೇಲೆ ಅದು ಎಲ್ಲಿ ಹೋಗುತ್ತದೋ.

ಉಣ್ಣೆಗೆ ಬೆಲೆ ಬಿದ್ದಂತೆ ಕುರಿಯೂ ಬದಲಾಯಿತು. ಮಾಂಸಕ್ಕೆ ಎತ್ತರದ, ಬೇಗ ತೂಕ ಬರುವ, ಮೈಮೇಲೆ ಉಣ್ಣೆಯೇ ಇಲ್ಲದ ತಳಿಗಳು ಬಂದವು. ಕತ್ತರಿಸುವ ಕೆಲಸವೇ ಇಲ್ಲ. ಕುರಿಗಾರರನ್ನು ತಪ್ಪು ಅನ್ನುವ ಹಾಗಿಲ್ಲ. ಆದರೆ ಉಣ್ಣೆಯಿರುವ ದಖನಿ ಬಿಸಿಲು, ಚಳಿ, ದಿನವಿಡೀ ನಡಿಗೆ ಎಲ್ಲಕ್ಕೂ ತಡೆಯುವ ಕುರಿ. ಒಣಭೂಮಿಯಲ್ಲಿ ವರ್ಷಕ್ಕೆ ನೂರಾರು ಮೈಲಿ ಸುತ್ತುವುದಕ್ಕೇ ಹುಟ್ಟಿದ್ದು. ಆ ಸುತ್ತಾಟವೂ ಕಮ್ಮಿಯಾಗುತ್ತಿದೆ. ಕಾಲುವೆ ಬಂದ ಕಡೆ ಕಬ್ಬು, ಗುಡ್ಡದ ಮೇಲೆ ಗಾಳಿಯಂತ್ರ, ಗೋಮಾಳದಲ್ಲಿ ಬಳ್ಳಾರಿ ಜಾಲಿ.

ಲಕ್ಷ್ಮೇಶ್ವರದ ಕಡೆ ಹೊಲವೊಂದರಲ್ಲಿ ತಂಗಿದ್ದ ಕುರಿಗಾರರೊಬ್ಬರನ್ನು ಉಣ್ಣೆ ಕೇಳಿದಾಗ ಅವರು ನಕ್ಕರು.

"ಉಣ್ಣಿ ಏನ್ ಮಾಡ್ತೀರಿ ತಗೊಂಡು?"

"ಗೊಂಬಿ ಮಾಡ್ತೀನ್ರಿ ಕಾಕಾ, ಹಕ್ಕಿ ಮಾಡ್ತೀನಿ."

"ಉಣ್ಣ್ಯಾಗ ಹಕ್ಕಿ?" ಅಂದು ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಮುಖ ನೋಡಿದರು. "ಕತ್ತರಸಾಕ ಕೊಡೂ ಕೂಲಿನೂ ಹೊಂಡೂದಿಲ್ರಿ ಇದರಾಗ. ಬದುವಿಗೆ ಒಗದು ಹೋಗ್ತೇವಿ. ಇಲ್ಲಾ ಸುಡ್ತೇವಿ. ಕತ್ತರಸದ ಬಿಟ್ರ ಕುರೀಗೆ ಉಣ್ಣಿ ಆಗ್ತಾವು." ಆ ಕಡೆ ಉಣ್ಣಿ ಅಂದರೆ ಉಣ್ಣೆಯೂ ಹೌದು, ರಕ್ತ ಹೀರುವ ಹುಳುವೂ ಹೌದು, ಅವರಿಗೆ ಎರಡೂ ಒಂದೇ ಕಾಟ.

ಬದುವಿಗೆ ಒಗೆದ ಆ ಉಣ್ಣೆಯನ್ನೇ ಚೀಲ ತುಂಬಿಕೊಂಡು ಬಂದೆ. ಮನೆಗೆ ತಂದು ಹಳೆ ಸೀರೆಯ ಮೇಲೆ ಸುರಿದು ಆರಿಸಲು ಕೂತಾಗ ನನಗೆ ಉಕೊಕ್‌ನ ಕುದುರೆಯ ಹೊಟ್ಟೆ ನೆನಪಾಯಿತು. ಆ ಉಣ್ಣೆಯೊಳಗೆ ಏನಿಲ್ಲ! ಉತ್ತರಾಣಿ ಬೀಜ, ಸಾಲಾಗಿ, ತಲೆಕೆಳಗಾಗಿ ಕಚ್ಚಿಕೊಂಡದ್ದು. ಕರಡದ ಹುಲ್ಲಿನ ಊಬು, ಒದ್ದೆಯಾದಾಗ ತಿರುಗುತ್ತ ಚರ್ಮದವರೆಗೂ ಕೊರೆದು ಹೋಗುವಂಥದ್ದು. ಮುಳ್ಳುಮುಳ್ಳಿನ ಮರುಳುಮತ್ತಂಗಿ ಕಾಯಿ, ಒಂದು ಬಿಡಿಸಿದರೆ ಮತ್ತೊಂದು. ಜಾಲಿಯ ಮುಳ್ಳು. ಕಾಂಗ್ರೆಸ್ ಗಿಡದ ಪುಡಿಪುಡಿ ಹೂ. ಎರೆಮಣ್ಣಿನ ಹೆಂಟೆ, ನೀರಿಗೆ ಹಾಕಿದರೆ ಬಕೆಟ್ಟೆಲ್ಲ ಕಪ್ಪು. ನೀಲಿ ಪ್ಲಾಸ್ಟಿಕ್ ಚೀಲದ ಎಳೆಗಳು, ಉಣ್ಣೆಗಿಂತ ನವಿರಾಗಿ ಹರಿದು ಸೇರಿಕೊಂಡವು.

ಒಂದೊಂದನ್ನೇ ಚಿಮಟಿಯಿಂದ ಎತ್ತಿ ತಟ್ಟೆಯಲ್ಲಿ ಬೇರೆಬೇರೆ ಗುಡ್ಡೆ ಹಾಕುತ್ತ ಹೋದೆ. ಉತ್ತರಾಣಿ ನಮ್ಮದೇ, ಗಣೇಶನ ಪತ್ರೆಯಲ್ಲಿ ಬರುವಂಥದ್ದು. ಕರಡ ನಮ್ಮ ಗುಡ್ಡಗಳ ಹಳೆಯ ಹುಲ್ಲು. ಮರುಳುಮತ್ತಂಗಿ ಅಮೆರಿಕದ ಕಡೆಯದು, ಇಂಥ ಮೈಗಳಿಗೇ ಅಂಟಿಕೊಂಡು ಜಗತ್ತು ಸುತ್ತಿದ್ದು. ಬಳ್ಳಾರಿ ಜಾಲಿಯೂ ಅಮೆರಿಕದ ಮೂಲದ್ದೇ, ಬರಗಾಲಕ್ಕೆ ಸೌದೆಯಾಗುತ್ತದೆ ಅಂತ ನಾವೇ ಕರೆತಂದು ನೆಟ್ಟದ್ದು. ಕುರಿ ಅದರ ಕಾಯಿ ತಿಂದು ಬೀಜವನ್ನು ಹಿಕ್ಕೆಯಲ್ಲಿ ಊರೂರಿಗೆ ಹಂಚಿತು. ಕಾಂಗ್ರೆಸ್ ಗಿಡ ಐವತ್ತರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿತ್ತು, ಹೊರಗಿನಿಂದ ತರಿಸಿದ ಧಾನ್ಯದ ಜೊತೆ ಬಂತು ಅನ್ನುವುದು ಸಾಮಾನ್ಯ ನಂಬಿಕೆ. ಪ್ಲಾಸ್ಟಿಕ್ಕಿನ ಊರು ಹೇಳಬೇಕಾಗಿಲ್ಲ. ನಮ್ಮ ಅಜ್ಜಿಯ ಕಾಲದ ಉಣ್ಣೆಯನ್ನು ಹೀಗೆ ಆರಿಸಿದ್ದರೆ ಮೊದಲ ಎರಡು ಗುಡ್ಡೆ ಎತ್ತರ ಇರುತ್ತಿತ್ತು. ಕೊನೆಯದಂತೂ ಇರುತ್ತಲೇ ಇರಲಿಲ್ಲ. ಪರಿಸರ ಬದಲಾದದ್ದನ್ನು ಉಣ್ಣೆಯ ಮೇಲೆ ನಾನು ಬಿಡಿಸುವುದೇನು ಬಂತು, ಕುರಿ ಆಗಲೇ ಬರೆಸಿಕೊಂಡು ಬಂದಿದೆ.

ತೊಳೆದ ಮೇಲೆ ಶುರುವಾಯಿತು ನಿಜವಾದ ಜಗಳ. ದಖನಿ ಉಣ್ಣೆ ಮಾತು ಕೇಳುವುದಿಲ್ಲ. ಎಳೆ ದಪ್ಪ, ಪೊರೆಗಳ ಹಿಡಿತ ಕಡಿಮೆ. ಎಷ್ಟು ಉಜ್ಜಿದರೂ ಅರ್ಧ ಕೂದಲು ಮೇಲೆದ್ದು ನಿಲ್ಲುತ್ತವೆ, ಮುಟ್ಟಿದರೆ ಚುಚ್ಚುತ್ತದೆ. ಮರಿಯ ಮೊದಲ ಕತ್ತರಿಯ ಉಣ್ಣೆ ಮೆತ್ತಗಿರುತ್ತದೆ, ಅದನ್ನು ಒಳಗೂ ಹೊರಗೂ ತೆಳ್ಳಗೆ ಸೇರಿಸಿ, ನಡುವೆ ದೊಡ್ಡ ಕುರಿಯದನ್ನು ಇಟ್ಟರೆ ಮಾತ್ರ ಬಟ್ಟೆಯಾಗುತ್ತದೆ. ಮೆರಿನೊದಲ್ಲಿ ಒಂದು ತಾಸಿನ ಕೆಲಸ ಇಲ್ಲಿ ಮಧ್ಯಾಹ್ನ ಪೂರ್ತಿ ನುಂಗುತ್ತದೆ. ಹೂವಿನ ಎಸಳು ಮಾಡುತ್ತೇನೆ ಅಂದರೆ ಮರೆತುಬಿಡಿ. ಕಲ್ಲು ಬರುತ್ತದೆ, ಮಳೆಮೋಡ ಬರುತ್ತದೆ, ಬೇಸಿಗೆಯ ಒಣಗುಡ್ಡ ಬಹಳ ಚೆನ್ನಾಗಿ ಬರುತ್ತದೆ.

ಹಕ್ಕಿಯೂ ಬರುತ್ತದೆ, ಎಲ್ಲ ಹಕ್ಕಿ ಅಲ್ಲ. ನಾನು ಆರಿಸಿದ್ದು ಪಟ್ಟೆತಲೆ ಹೆಬ್ಬಾತು. ಬೂದು ಮೈ, ಬಿಳಿ ತಲೆ, ಹಿಂದಲೆಯಲ್ಲಿ ಎರಡು ಕಪ್ಪು ಪಟ್ಟೆ. ಮೂರೂ ಬಣ್ಣ ದಖನಿ ಕುರಿಯ ಮೈಮೇಲೆ ತಯಾರಿದೆ. ಕಪ್ಪು, ಬಿಳಿ ಸೇರಿಸಿ ಹಿಂಜಿದರೆ ಆ ಬೂದು ತಾನೇ ಸಿಗುತ್ತದೆ. ಕೊಕ್ಕಿನ ಕಿತ್ತಳೆಗೆ ಮಾತ್ರ ಪಟಿಕ ಹಾಕಿ ಮಂಜಿಷ್ಠದಲ್ಲಿ ಅದ್ದಿದೆ. ಅರಿಸಿನ ಸುಲಭ, ಆದರೆ ಬಿಸಿಲಿಗೆ ಓಡಿಹೋಗುತ್ತದೆ.

ಈ ಬಾತುಗಳು ಲಕ್ಷ್ಮೇಶ್ವರದ ಹತ್ತಿರದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಸಾವಿರಗಟ್ಟಲೆ ಬರುತ್ತವೆ. ದಕ್ಷಿಣ ಭಾರತದಲ್ಲಿ ಅವುಗಳ ದೊಡ್ಡ ಬೀಡುಗಳಲ್ಲಿ ಅದೂ ಒಂದು. ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಅದು ಸೇರಿದ್ದು 2024ರ ಜನವರಿಯಲ್ಲಿ ಪ್ರಕಟವಾಯಿತು. ಹಗಲು ಕೆರೆಯಲ್ಲಿ ತೇಲುತ್ತ, ಹೊತ್ತಾದ ಮೇಲೆ ಹೊಲಗಳಿಗೆ ಇಳಿದು ಮೇಯುತ್ತವೆ, ಕುರಿ ತಂಗುವಂಥ ಹೊಲಗಳೇ. ಅವು ಮರಿ ಮಾಡುವುದು ಟಿಬೆಟ್, ಮಂಗೋಲಿಯಾದ ಕಡೆ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿದ ಬಾತುಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಕಂಡಿವೆ. ಹಿಮಾಲಯ ದಾಟುವಾಗ ಏಳು ಸಾವಿರ ಮೀಟರಿಗೂ ಮೇಲೆ ಹಾರಿದ ದಾಖಲೆಯಿದೆ.

ಅವು ಬಿಟ್ಟು ಬರುವ ಮಂಗೋಲಿಯಾದಲ್ಲಿ ಇನ್ನೂ ಜನ ಫೆಲ್ಟಿನ ಗುಡಾರದಲ್ಲಿ ಬದುಕುತ್ತಾರೆ, ಹೊಸ ಫೆಲ್ಟು ಮಾಡುವಾಗ ಹಳೆಯದೊಂದನ್ನು ಕೆಳಗೆ ಹಾಸಿ ಅದನ್ನು ತಾಯಿ ಅನ್ನುತ್ತಾರೆ. 1940ರಿಂದ ಈಚೆಗೆ ಅಲ್ಲಿಯ ಸರಾಸರಿ ತಾಪಮಾನ ಎರಡು ಡಿಗ್ರಿಗೂ ಹೆಚ್ಚು ಏರಿದೆ. ಬೇಸಿಗೆಯಲ್ಲಿ ಬರ ಬಿದ್ದು, ಹಿಂದೆಯೇ ಬರುವ ಚಳಿಗೆ ಹುಲ್ಲಿನ ಮೇಲೆ ಮಂಜು ಕಲ್ಲಾಗಿ, ಮೇವು ಕಣ್ಣೆದುರಿಗಿದ್ದೂ ಮುಟ್ಟಲಾಗದೆ ಜಾನುವಾರು ನಿಂತಲ್ಲೇ ಸಾಯುವ ವಿಪತ್ತಿಗೆ ಅವರು ಜುಡ್ ಅನ್ನುತ್ತಾರೆ. 2009-10ರ ಒಂದೇ ಚಳಿಗಾಲದಲ್ಲಿ ಎಂಬತ್ತು ಲಕ್ಷಕ್ಕೂ ಹೆಚ್ಚು ಪ್ರಾಣಿಗಳು ಹೋದವು. 2023-24ರಲ್ಲಿ ಮತ್ತೆ ಹಾಗೇ, ಎಪ್ಪತ್ತು ಲಕ್ಷ ದಾಟಿತು.

ನನ್ನ ಬಾತಿನ ಕತ್ತು ಸ್ವಲ್ಪ ಮೊಂಡು. ಮೈಮೇಲೆ ಗಡಸು ಕೂದಲು ಎದ್ದಿರುವುದರಿಂದ ಈಗಷ್ಟೇ ನೀರಿನಿಂದ ಎದ್ದು ಬಂದ ಹಾಗೆ ಕಾಣುತ್ತದೆ, ಅದು ನನ್ನ ಜಾಣತನವಲ್ಲ. ಮರುಳುಮತ್ತಂಗಿಯ ಒಂದೆರಡು ಕಾಯಿಗಳನ್ನು ಬೇಕೆಂದೇ ಬಿಡಿಸದೆ ಹೊಟ್ಟೆಯ ಅಡಿಯಲ್ಲಿ ಉಳಿಸಿದ್ದೇನೆ. ನೋಡಿದವರು ಕಸ ಉಳಿದಿದೆ ಅನ್ನುತ್ತಾರೆ. ಗೆಳತಿ ಮಾತ್ರ ತಿರುಗಿಸಿ ನೋಡಿ, ಇದನ್ನು ಎಲ್ಲಿಂದ ಹಿಡಿದೆ ಅಂತ ಕೇಳಿದಳು. ಕುರಿಯದು ಅಂದೆ. ಅವಳ ಮುಂದಿನ ಕೆಲಸಕ್ಕೂ ಒಂದಿಷ್ಟು ಕರಿ ಉಣ್ಣೆ ಬೇಕಂತೆ.

ಕಾಕಾನಿಗೆ ಫೋಟೋ ಕಳಿಸಿದ್ದೆ. ಮಗ ಫೋನಿನಲ್ಲಿ ತೋರಿಸಿದನಂತೆ. "ಬಾತುನ ಐತಿ ಬಿಡ್ರಿ" ಅಂದರು, ಆಮೇಲೆ ಇದನ್ನು ಎಷ್ಟಕ್ಕೆ ಮಾರುತ್ತೀರಿ ಅಂತ ವಿಚಾರಿಸಿದರು. ನಾನು ಹೇಳಿದ ರೇಟಿಗೆ ಆ ಕಡೆ ಒಂದು ಗಳಿಗೆ ಮಾತಿಲ್ಲ. ಮುಂದಿನ ಕತ್ತರಿಗೆ ಉಣ್ಣೆ ಒಗೆಯುವುದಿಲ್ಲ, ಕರಿಯದು ಬೇರೆ, ಬೂದಿಯದು ಬೇರೆ, ಮರಿಯದು ಬೇರೆ ಮಾಡಿ ಇಡುತ್ತೇವೆ, ಆದರೆ ಈ ಸಲ ಪುಕ್ಕಟೆ ಇಲ್ಲ, ಕತ್ತರಿಸುವವರ ಕೂಲಿ ನೀವೇ ಕೊಡಬೇಕು ಅಂದಿದ್ದಾರೆ. ಒಪ್ಪಿದ್ದೇನೆ.